ಬಾರದ ಬೆಳಕಿಗೆ ಒತ್ತಿದ್ದು

"ನೋಡಾಕ ಬಂದ ಹುಡುಗನ್ನ ಬಿಟ್ಟು ಅವನ ತಮ್ಮನ್ನ ನೋಡಿದ್ಲಂತ್ರೀ ಇಕಿ! ಚಾದ ಕಪ್ಪೂ ಮುಟ್ಟಲಿಲ್ಲ, ಎದ್ದು ಹೋದ್ರು ಮಂದಿ."

ಮಾನ್ವಿಯಿಂದ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಸಿಟ್ಟನ್ನೆಲ್ಲ ದುರುಗಮ್ಮ ರಾಯಚೂರಿನ ಆ ಕಣ್ಣಾಸ್ಪತ್ರೆಯ ಕೋಣೆಯಲ್ಲಿ ಸುರಿದಳು. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಅನಿಲಕುಮಾರ, ನೋಟ ಅಳೆಯುವ ಮಷೀನಿನ ಗದ್ದ ಇಡುವ ಪಟ್ಟಿ ಒರೆಸುತ್ತಿದ್ದ. ಅವನು ನಗು ನುಂಗಿದ್ದು ದುರುಗಮ್ಮನ ಮಗಳು ನಾಗವೇಣಿಗೆ ಕಾಣಲಿಲ್ಲ, ಕೇಳಿಸಿತು.

"ಯವ್ವಾ, ಆಕಿ ಹುಡುಗನ್ನ ನೋಡ್ಯಾಳ್ರೀ. ಹಂಗ ಓರೆ ನೋಡಂತ ಕಲಿಸಿದಾಂವ ನಾನ."

ಕಲಿಸಿದ್ದು ನಿಜವೇ. ನಾಗವೇಣಿಯ ಕಣ್ಣಿನ ಒಳಪರದೆ ನಟ್ಟನಡುವೆ ಸಾಯುತ್ತ ಬಂದಿತ್ತು. ನೆಟ್ಟಗೆ ನೋಡಿದರೆ ಎದುರಿನವರ ಮುಖಕ್ಕೆ ಬೂದಿ ಬಳಿದಂತೆ. ಇನ್ನೂ ಜೀವ ಇರುವ ಜಾಗವನ್ನು ಇದೇ ಮಷೀನು ಹುಡುಕಿ ಕೊಟ್ಟಿತ್ತು. "ನನ್ನ ಎಡಗಿವಿ ಆಚಿ ನೋಡ್ರಿ, ನಾ ಕಾಣ್ತೀನಿ" ಎಂದಿದ್ದ ಅವನು. ನೋಡಿದಳು. ಮೊದಲು ಮೀಸೆ ಬಂತು, ಆಮೇಲೆ ನಗು. ದಿನಾ ಒಂದೇ ಮುಖ ನೋಡಿ ರೂಢಿ ಮಾಡಿಕೊಳ್ಳಿ ಅಂತ ಅವನು ಅಂದಾಗ, ಅವ್ವನ ಮುಖ ನೋಡ್ತೀನಿ ಅಂತ ಹೇಳಿ, ಫೋನಿನಲ್ಲಿ ಅವನ ಡಿಪಿ ಫೋಟೊ ಹಿಗ್ಗಿಸಿಕೊಂಡು ಕೂಡುತ್ತಿದ್ದಳು.

ಈಚೆಗೆ ಆ ಮೀಸೆಯೂ ಬರುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ಈ ಸಲ ಸುಧಾರಣಿ ಇಲ್ಲಂದ್ರ ಸಾಕ್ರೀ. ಕೆಲಸ ಬಿಟ್ಟು ಎಷ್ಟಂತ ತಿರಗೋದು? ಮನ್ಯಾಗ ಇರ್ತಾಳ" ಎಂದು ದುರುಗಮ್ಮ ಹೊರಗಿನ ಬೆಂಚಿಗೆ ನಡೆದಳು.

ದೀಪ ಆರಿತು. ಗದ್ದ ಇಟ್ಟಳು. ವೈರಿನ ತುದಿಯ ಬಟನ್ನು ಕೈಗೆ ಬಂತು.

"ಕೆಂಪು ಬಳಿಯಂಥ ಸುತ್ತು ಕಾಣ್ತದಲ್ಲ, ಅದರ ನಡುವ ಕಣ್ಣಿಡ್ರಿ. ಬೆಳಕಿನ ಚುಕ್ಕಿ ಕಂಡ್ರ ಒತ್ರಿ."

ಚುಕ್ಕಿ ಎಲ್ಲಿ? ಬರೀ ಕತ್ತಲು. ಮನ್ಯಾಗ ಇರ್ತಾಳ, ಮನ್ಯಾಗ ಇರ್ತಾಳ. ಒತ್ತಿದಳು. ಟಕ್. ಮತ್ತೆ ಟಕ್.

ಮಷೀನು ನಿಂತಿತು.

"ನಾಗವೇಣಿ ಅವ್ರ, ಈ ಮಷೀನು ನಡನಡುವ ಬೆಳಕು ಬಿಡದ ಸುಮ್ಮನಿರ್ತದ. ಆವಾಗೂ ಒತ್ತಾಕತ್ತೀರಿ."

"ಕಂಡಂಗಾತ್ರೀ."

"ಏನು ಕಂಡಂಗಾತು?"

"ನೀವು."

ಅವನ ಕುರ್ಚಿ ಕಿರುಗುಟ್ಟಿತು.

"ಎಡಗಿವಿ ಆಚಿ ಈಗ ನೀವು ಇಲ್ರೀ. ಅದು ಗೊತ್ತಾದ್ರ ಅವ್ವ ಇಲ್ಲಿಗೆ ಕರ್ಕೊಂಡು ಬರಂಗಿಲ್ಲ."

"ಇನ್ನೊಮ್ಮಿ ಮಾಡೂಣು," ಎಂದ. "ಖರೇ ಕಂಡಾಗ ಒತ್ತಿದ್ರಷ್ಟ ಹೊಸ ಜಾಗ ಸಿಗ್ತದ."

ಈ ಸಲ ಬಟನ್ನು ಸುಮ್ಮನಿತ್ತು. ಕೊನೆಗೆ ಕೆಳಗೆಲ್ಲೋ ಅಂಚಿನಲ್ಲಿ ಒಂದು ಚುಕ್ಕಿ ಮಿಣುಕಿತು. ಅಳುತ್ತಲೇ ಒತ್ತಿದಳು.

ದೀಪ ಹಾಕಿದ. "ಹಳೇ ಜಾಗ ಹೋಗ್ಯದ. ವಾಪಸ್ ಬರಂಗಿಲ್ಲ. ಹೊಸದೂ ಎಷ್ಟು ದಿನ ಅಂತ ನಾ ಸುಳ್ಳು ಹೇಳಂಗಿಲ್ಲ."

"ಪೂರಾ ಹೋದ ಮ್ಯಾಲ?"

"ದಿನಾ ಬಾಜೂ ಕುಂತು ಮಾತಾಡೋರು ಬೇಕು. ಐತವಾರ ಮಾನ್ವಿಗೆ ಬರ್ತೀನಿ. ದೇವದುರ್ಗದಿಂದ ನಮ್ಮವ್ವನ್ನೂ ಕರ್ಕೊಂಡು."

"ಮಷೀನು ತರ್ತೀರೇನು?"

"ಚಾ ಕುಡಿಯಾಕ ಬರ್ತೀನ್ರೀ. ಕಪ್ಪು ಖಾಲಿ ಮಾಡೇ ಏಳ್ತೀನಿ. ಮತ್ತ ನನಗ ತಮ್ಮ ಇಲ್ಲ. ನೀವು ಎತ್ತ ನೋಡಿದ್ರೂ ನನ್ನ ನೋಡಿದಂಗ."

ಕಣ್ಣೀರಿನಲ್ಲೇ ನಗು ಬಂತು ಅವಳಿಗೆ. "ಕರುಣಿ ಏನ್ರೀ ಇದು?"

"ಕರುಣಿ ಇದ್ರ ಸುಳ್ಳು ಹೇಳ್ತಿದ್ದೆ," ಎಂದ. ಆಮೇಲೆ, ಮೊದಲ ಸಲ 'ರೀ' ಬಿಟ್ಟು, "ನನ್ನ ತಲಿ ಮ್ಯಾಲ, ಆ ಫ್ಯಾನಿನ ಕಡೆ ನೋಡು."

ನೋಡಿದಳು. ಬಹಳ ಹೊತ್ತು ಬರೀ ಬೂದಿ. ಆಮೇಲೆ ಆ ಬೂದಿಯ ಕೆಳಗೆ, ನಡುಗುತ್ತ, ಅರ್ಧ ಮೀಸೆ.

ಮಷೀನು ಆಗಲೇ ಆರಿತ್ತು. ಬಟನ್ನು ಇನ್ನೂ ಅವಳ ಕೈಯಲ್ಲೇ ಇತ್ತು.

ಟಕ್.