ಕೆಂಚನ ಉಂಡೆ

“ನಮಗೆ ತಂಗಳು ರೊಟ್ಟಿ, ಇಲಿಗೆ ಹಸಿ ಶೇಂಗಾ. ಚೆನ್ನಾಗೈತೆ ನಿನ್ನ ನ್ಯಾಯ” ಎಂದಳು ದುರುಗಜ್ಜಿ.

ಮೊಮ್ಮಗಳು ಉಚ್ಚಂಗಿ ತಲೆ ಎತ್ತಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು, ಆಗತಾನೇ ಹೊಲದಿಂದ ಬಂದ ಶೇಂಗಾ ಸುಲಿಯುತ್ತಿದ್ದಳು. ಸುಲಿದ ಬೀಜವನ್ನು ಕಲ್ಲಿನ ಮೇಲೆ ಜಜ್ಜಿದಳು. ಒಂದು ಚಿಟಿಕೆ ಹೊಸ ಜೋಳದ ಹಿಟ್ಟು, ಒಂದು ಚೂರು ಬೆಲ್ಲ ಸೇರಿಸಿದಳು. ಸೌತೆಕಾಯಿ ಹಿಂಡಿದ ನೀರಿನಲ್ಲಿ ಕಲಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದಳು.

ಇದು ಕೆಂಚನ ರಾತ್ರಿ ಊಟ. ಕೆಂಚ ಅಂದರೆ ಉಚ್ಚಂಗಿ ಸಾಕಿದ ಇಲಿ.

ಅವರ ಊರು ಸೊಕ್ಕೆಯಲ್ಲಿ ಎಮ್ಮೆ ಸಾಕುವವರಿದ್ದರು, ಕೋಳಿ ಸಾಕುವವರಿದ್ದರು. ಇಲಿ ಸಾಕಿದವರು ಮಾತ್ರ ಯಾರೂ ಇರಲಿಲ್ಲ. ಇಲಿಗಳೇನೋ ಎಲ್ಲರ ಮನೆಯಲ್ಲೂ ಇದ್ದವು. ಆದರೆ ಅವು ಯಾರ ಅಪ್ಪಣೆಯನ್ನೂ ಕೇಳದೆ ತಾವೇ ಬಂದು ಸಾಕಿಸಿಕೊಳ್ಳುತ್ತಿದ್ದವು.

ಮುಂಗಾರಿನಲ್ಲಿ ಅಪ್ಪ ಹೊಲ ಹರಗುವಾಗ ಕುಂಟೆ ತಗುಲಿ ಒಂದು ಬಿಲ ಒಡೆದಿತ್ತು. ತಾಯಿ ಇಲಿ ಎತ್ತಲೋ ಓಡಿತು. ಆಗತಾನೇ ಕಣ್ಣು ಬಿಟ್ಟಿದ್ದ ಒಂದು ಕೆಂಚು ಮರಿ ಮಣ್ಣಿನಲ್ಲಿ ಉಳಿಯಿತು. ಉಚ್ಚಂಗಿ ಅದನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದಳು.

ಮೊದಮೊದಲು ತಂಗಳು ರೊಟ್ಟಿಯನ್ನೇ ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟಳು. ಮರಿಯ ಹೊಟ್ಟೆ ಉಬ್ಬಿತು, ಬೆನ್ನಿನ ಕೂದಲು ಉದುರಿತು. ಏನು ಕೊಡಬೇಕೆಂದು ಕ್ಲಾಸಿನಲ್ಲಿ ಮೇಷ್ಟ್ರನ್ನು ಕೇಳಿದಳು. ಗಣಪತಿಯ ವಾಹನ, ಕಡುಬು ಮಾಡಿ ಹಾಕು ಎಂದರು ಮೇಷ್ಟ್ರು. ಇಡೀ ಕ್ಲಾಸು ನಕ್ಕಿತು.

ಉಚ್ಚಂಗಿ ನಗಲಿಲ್ಲ. ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ, ಬಿಲಗಳ ಬಾಯಲ್ಲಿ ಇಲಿಗಳು ತಿಂದು ಬಿಟ್ಟದ್ದನ್ನು ನೋಡಿದಳು. ಎಳೆ ಹುಲ್ಲಿನ ಬೇರು, ಕಾಳಿನ ಸಿಪ್ಪೆ, ಕಚ್ಚಿದ ಮಿಡಿಕಾಯಿ. ಎಲ್ಲವೂ ಹಸಿ, ಎಲ್ಲವೂ ಹೊಸದು. ಅಂದಿನಿಂದ ಕೆಂಚನಿಗೆ ಬೆಳಿಗ್ಗೆ ಮೊಳಕೆ ಬಂದ ಹೆಸರುಕಾಳು, ಮಧ್ಯಾಹ್ನ ಸೌತೆಕಾಯಿಯ ಹೋಳು, ಎಳೆ ಸೊಪ್ಪು. ಹೊಲದಲ್ಲಿ ಶೇಂಗಾ ಕಿತ್ತ ಮೇಲೆ ಸಂಜೆಗೆ ಉಂಡೆ. ಉಪ್ಪಿಲ್ಲ, ಹುಳಿಯಿಲ್ಲ, ತಂಗಳಿಲ್ಲ. ಈಗ ಅದರ ಮೈ ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿತ್ತು. ಹಿತ್ತಲ ಮೂಲೆಯ ದೊಡ್ಡ ಗಡಿಗೆ ಅದರ ಮನೆ. ಗಡಿಗೆಯ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಕಲ್ಲು.

ಅಜ್ಜಿ ಆ ಗಡಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ಕೆಂಚ ಎಂದು ಕರೆಯುತ್ತಲೂ ಇರಲಿಲ್ಲ. ‘ಆ ಪೀಡೆ’ ಎನ್ನುತ್ತಿದ್ದಳು. ಅದಕ್ಕೆ ಕಾರಣವಿತ್ತು. ಉಚ್ಚಂಗಿ ಹುಟ್ಟುವ ಮೊದಲೇ ಅವಳ ಚಿಕ್ಕಪ್ಪ ಪ್ಲೇಗಿನಲ್ಲಿ ತೀರಿಹೋಗಿದ್ದ. ಅಜ್ಜಿಯ ಕಿರಿಯ ಮಗ. ಕಂಕುಳಲ್ಲಿ ಗಡ್ಡೆ ಎದ್ದಿತು, ಜ್ವರ ಬಂತು, ಹುಡುಗ ಹೋದ. ಪ್ಲೇಗು ತರುವುದು ಇಲಿ ಎಂದು ಆಮೇಲೆ ಯಾರೋ ಹೇಳಿದರು. ಅಜ್ಜಿ ಅದನ್ನು ಮರೆಯಲಿಲ್ಲ.

ದೀಪಾವಳಿ ಕಳೆಯುತ್ತಲೇ ಕೆಟ್ಟ ಸುದ್ದಿ ಬಂತು. ಜಗಳೂರಿನ ಆಚೆ ಒಂದು ಹಳ್ಳಿಯಲ್ಲಿ ಇಲಿ ಬಿದ್ದವಂತೆ. ಇಲಿಗಳು ತಾವಾಗಿ ಸತ್ತು ಸೂರಿನಿಂದ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಅಲ್ಲಿಯ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅಷ್ಟರಲ್ಲಿ ಇಬ್ಬರು ಸತ್ತಿದ್ದರು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಅಂಥ ಒಂದು ಬಸ್ಸಿನಿಂದ ಪ್ಲೇಗ್ ಇನ್‌ಸ್ಪೆಕ್ಟರ್ ಪಂಚಾಕ್ಷರಪ್ಪ ಇಬ್ಬರು ಆಳುಗಳೊಂದಿಗೆ ಮಸಿ ಮುಖದಲ್ಲಿ ಇಳಿದರು. ರೋಗ ಸೊಕ್ಕೆಗೆ ಬರುವ ಮೊದಲೇ ಇಲ್ಲಿಯ ಇಲಿಗಳನ್ನು ಮುಗಿಸಬೇಕೆಂಬುದು ಅವರಿಗೆ ಬಂದ ಹುಕುಂ. ಚೀಲದಲ್ಲಿ ತಂದಿದ್ದ ರಾಗಿ ಹಿಟ್ಟಿಗೆ ಬಿಳಿ ಪಾಷಾಣ ಬೆರೆಸಿ, ಉಂಡೆ ಮಾಡಿಸಿ, ಮನೆಮನೆಯಲ್ಲೂ ಇಡಿಸಿದರು.

ಇಲಿಗಳು ಮೂಸಿ ನೋಡಿ ಮುಂದೆ ಹೋದವು. ಉಂಡೆಗಳು ಇಟ್ಟಲ್ಲೇ ಒಣಗಿ ಕಲ್ಲಾದವು. ಗುಡ್ಡ ಅಗೆದು ಇಲಿ ಹಿಡಿದರು ಎಂಬ ಗಾದೆ ಇದೆ. ಇವರಿಗೆ ಇಲಿಯೂ ಸಿಗಲಿಲ್ಲ.

ಉಂಡೆ ನೋಡಲು ಉಚ್ಚಂಗಿಯ ಮನೆಗೆ ಬಂದ ಪಂಚಾಕ್ಷರಪ್ಪನವರ ಕಣ್ಣಿಗೆ ಹಿತ್ತಲ ಗಡಿಗೆ ಬಿತ್ತು. ತಟ್ಟೆ ಸರಿಸಿ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ಊರಿನ ಇಲಿ ಕೊಲ್ಲಿ ಎಂದು ನಾವು ಬಂದರೆ ನೀವು ಇಲಿಗೆ ಮನೆ ಕಟ್ಟಿಕೊಟ್ಟಿದ್ದೀರಾ ಎಂದು ಉಚ್ಚಂಗಿಯ ಅವ್ವ ಸಾವಂತ್ರಮ್ಮನನ್ನು ಗದರಿದರು. ಮೊದಲು ಇದನ್ನು ಹೊಡೆಯಿರಿ ಎಂದು ಆಳಿಗೆ ಹೇಳಿದರು.

ಉಚ್ಚಂಗಿ ಓಡಿಬಂದು ಗಡಿಗೆಯನ್ನು ಎರಡು ಕೈಯಲ್ಲೂ ತಬ್ಬಿಕೊಂಡಳು. ಇದು ಮರಿಯಿದ್ದಾಗಿನಿಂದ ಗಡಿಗೆಯಲ್ಲೇ ಇದೆ, ಬೇರೆ ಇಲಿಯ ಮುಖವನ್ನೇ ನೋಡಿಲ್ಲ, ಇದಕ್ಕೆ ರೋಗ ಎಲ್ಲಿಂದ ಬರಬೇಕು ಎಂದು ಅಳುತ್ತಲೇ ವಾದಿಸಿದಳು. ಪಂಚಾಕ್ಷರಪ್ಪ ಕೆಟ್ಟವರಲ್ಲ. ಅವರಿಗೂ ಅವಳ ವಯಸ್ಸಿನ ಮಗಳಿದ್ದಳು. ಬಗ್ಗಿ ಕೆಂಚನ ಮಿಂಚುವ ಮೈಯನ್ನು ನೋಡಿದರು. ಪಕ್ಕದ ಎಲೆಯ ಮೇಲಿದ್ದ ಉಂಡೆಯನ್ನೂ ನೋಡಿದರು.

“ಇದನ್ನ ತಿಂತೈತಾ?” ಎಂದು ಕೇಳಿದರು.

“ಇಟ್ಟ ಗಳಿಗೇಲೆ ತಿಂತೈತೆ, ಸಾಹೇಬ್ರೇ. ನಿಮ್ಮ ಹಿಟ್ಟು ಮುಗ್ಗಲು. ಮುಗ್ಗಿದ್ದನ್ನ ಇಲಿ ಮುಟ್ಟಾಕಿಲ್ಲ.”

ಪಂಚಾಕ್ಷರಪ್ಪ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. “ನೋಡವ್ವ, ನಿನ್ನ ಇಲಿ ಒಂದನ್ನ ಬಿಡ್ತೀನಿ. ಕಲ್ಲು ಹೇರಿ ಮುಚ್ಚಿಡು, ಹೊರಗೆ ಬಿಡಬ್ಯಾಡ. ಈ ಉಂಡೆ ಹೆಂಗೆ ಮಾಡೋದು ಅಂತ ನಮ್ಮೋರಿಗೆ ತೋರಿಸ್ತೀಯಾ?”

ಉಚ್ಚಂಗಿ ಉಸಿರು ತೆಗೆದುಕೊಳ್ಳುವ ಮೊದಲೇ ಹೂಂ ಎಂದಳು.

ತೋರಿಸುವಾಗ ಅವಳಿಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಬೇಕು? ಇಷ್ಟು ದಿನ ಎಲ್ಲರೂ ಇಲಿಯಮ್ಮ ಎಂದು ಆಡಿಕೊಂಡವರೇ. ಏನು ಕೊಡುತ್ತೀಯ, ಹೇಗೆ ಕೊಡುತ್ತೀಯ ಎಂದು ಒಬ್ಬರೂ ಕೇಳಿರಲಿಲ್ಲ. ಈಗ ದೊಡ್ಡ ಆಳುಗಳಿಬ್ಬರು ಅವಳ ಮುಂದೆ ಕೂತು ಕಲಿಯುತ್ತಿದ್ದರು. ಶೇಂಗಾ ಇವತ್ತು ಕಿತ್ತದ್ದೇ ಆಗಬೇಕು ಎಂದಳು. ಬೀಡಿ ಸೇದಿದ ಕೈ ತೊಳೆದುಕೊಳ್ಳಿ, ಇಲಿಗೆ ವಾಸನೆ ಗೊತ್ತಾಗುತ್ತದೆ ಎಂದಳು. ಅವರು ಎದ್ದುಹೋಗಿ ಕೈ ತೊಳೆದು ಬಂದರು. ಕೊನೆಗೆ ಒಬ್ಬ ಡಬ್ಬಿ ತೆರೆದು ಬಿಳಿ ಪುಡಿ ಸುರಿದಾಗ ಮಾತ್ರ ಉಚ್ಚಂಗಿ ಮುಖ ಆ ಕಡೆ ತಿರುಗಿಸಿದಳು.

ಅಂದು ರಾತ್ರಿ ಊರಿನಲ್ಲಿ ಇಟ್ಟ ಉಂಡೆಗಳಲ್ಲಿ ಬಹುಪಾಲು ಖಾಲಿಯಾದವು.

ಮರುದಿನದಿಂದ ಓಣಿಯಲ್ಲಿ, ಬಚ್ಚಲಲ್ಲಿ, ಕೊಟ್ಟಿಗೆಯಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಆಳುಗಳು ಮಂಕರಿಯಲ್ಲಿ ತುಂಬಿಕೊಂಡು ಹೋಗಿ, ಊರ ಹೊರಗೆ ಹತ್ತಿಕಟ್ಟಿಗೆ ಒಟ್ಟಿ ಸುಟ್ಟರು. ಜನಕ್ಕೆ ಜೀವ ಬಂದಂತಾಯಿತು. ಊರು ಬಿಡುವುದು ತಪ್ಪಿತು ಎಂದು ಹೆಂಗಸರು ಉಚ್ಚಂಗಿಯ ಗಲ್ಲ ಹಿಡಿದು ನೆಟಿಗೆ ಮುರಿದರು.

ಬಾವಿಗೆ ಹೋಗುವಾಗ ಉಚ್ಚಂಗಿ ಒಂದು ಇಲಿಯನ್ನು ನೋಡಿದಳು. ನೀರು ಹುಡುಕಿಕೊಂಡು ಬಂದು ಹೊಂಡದ ಪಕ್ಕದಲ್ಲೇ ಸತ್ತಿತ್ತು. ಕೆಂಚು ಬಣ್ಣದ್ದು. ಮೀಸೆಗೆ ಶೇಂಗಾದ ಪುಡಿ ಅಂಟಿತ್ತು. ಪ್ಲೇಗು ಬಂದರೆ ಜನ ಸಾಯುತ್ತಾರೆ, ಚಿಕ್ಕಪ್ಪನೂ ಹಾಗೇ ಸತ್ತದ್ದು, ಆದದ್ದು ಒಳ್ಳೆಯದೇ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೇ ಆಗಿತ್ತು. ಆದರೂ ಅಂದಿನಿಂದ ಅವಳಿಗೆ ಉಂಡೆ ಕಟ್ಟಲು ಕೈ ಬರಲಿಲ್ಲ. ಕೆಂಚನಿಗೆ ಮೂರು ಹೊತ್ತೂ ಮೊಳಕೆ ಕಾಳು, ಸೌತೆಕಾಯಿ, ಸೊಪ್ಪು ಅಷ್ಟೇ ಕೊಟ್ಟಳು.

ವಾರ ಕಳೆದ ಮೇಲೆ ಆಳುಗಳು ಬೆಳಿಗ್ಗೆಯೇ ಬಂದು, ಮನೆಮನೆಯಲ್ಲಿ ಮಿಕ್ಕಿದ್ದ ಉಂಡೆಗಳನ್ನು ಎತ್ತಿಕೊಂಡು ಹೋದರು. ಅಂದು ಸಂಜೆ ಪಂಚಾಕ್ಷರಪ್ಪ ಶಾಲೆಗೆ ಬಂದರು. ಮೇಷ್ಟ್ರು ಉಚ್ಚಂಗಿಯನ್ನು ತಮ್ಮ ಕುರ್ಚಿಯ ಮೇಲೆ ನಿಲ್ಲಿಸಿದರು. ಊರು ಉಳಿಸಿದ ಹುಡುಗಿ ಎಂದರು. ಹಿಂದೆ ನಕ್ಕಿದ್ದ ಕ್ಲಾಸು ಈಗ ಚಪ್ಪಾಳೆ ತಟ್ಟಿತು. ಅವಳಿಗೆ ಯಾವಾಗ ಕೆಳಗಿಳಿದೇನೋ ಎನಿಸಿತ್ತು. ಕೆಂಚನ ಊಟದ ಹೊತ್ತು ಮೀರುತ್ತಿತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವ್ವ ಇನ್ನೂ ಹೊಲದಿಂದ ಬಂದಿರಲಿಲ್ಲ. ಅಜ್ಜಿ ಒಲೆಯ ಮುಂದೆ ಕೂತಿದ್ದಳು, ಮಡಿಲಲ್ಲಿ ರೊಟ್ಟಿಯ ತಟ್ಟೆ. ಅವಳ ಮುಖ ಎಂದೂ ಇಲ್ಲದಷ್ಟು ಅರಳಿತ್ತು.

“ನಿನ್ನ ಕೆಂಚಂಗೆ ಇವತ್ತು ನಾನೇ ಉಣಿಸಿದೆ ಕಣೇ” ಎಂದಳು.

ಅಜ್ಜಿಯ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಉಚ್ಚಂಗಿಗೆ ಒಂದು ಕ್ಷಣ ಸಂತೋಷವೇ ಆಯಿತು. ಪುಸ್ತಕದ ಚೀಲ ಇಳಿಸುತ್ತಾ, ಏನು ಉಣಿಸಿದೆ ಎಂದು ಕೇಳಿದಳು.

ಅಜ್ಜಿ ನಿಧಾನವಾಗಿ ಹೇಳಿದಳು. ಇಲಿ ಹಸಿವಿಗೆ ಗಡಿಗೆಯನ್ನು ಕೆರೆಯುತ್ತಲೇ ಇತ್ತಂತೆ. ಕೇಳಿ ಕೇಳಿ ಸಾಕಾಗಿ, ಹಸಿದ ಹೊಟ್ಟೆ ಯಾರದಾದರೇನು ಎನಿಸಿತಂತೆ. ಒಲೆಗೆ ಸೌದೆ ಎಳೆಯಲು ಹೋದಾಗ ಸಂದಿಯಲ್ಲಿ ಒಂದು ಉಂಡೆ ಕೈಗೆ ಸಿಕ್ಕಿತಂತೆ.

“ಮದ್ದಿನ ಉಂಡೇನೆಲ್ಲ ಬೆಳಿಗ್ಗೇನೆ ಎತ್ತಿಕ್ಯಂಡು ಹೋದರಲ್ಲ. ಆದರೂ ಮೂಸಿ ನೋಡಿದೆ. ಶೇಂಗಾ, ಬೆಲ್ಲ, ಸೌತೆಕಾಯಿ. ನನಗೆ ಕಣ್ಣು ಮಂಜಾದರೇನು, ನಿನ್ನ ಕೈಯಿನ ಉಂಡೆ ಗೊತ್ತಾಗಲ್ವಾ?”

ಉಚ್ಚಂಗಿ ನಿಂತಲ್ಲೇ ನಿಂತಳು. ಅವಳು ವಾರದಿಂದ ಉಂಡೆಯನ್ನೇ ಕಟ್ಟಿರಲಿಲ್ಲ.

ಅಜ್ಜಿಗೆ ಅದು ಕಾಣಲಿಲ್ಲ. ಅವಳು ತನ್ನ ತೋರುಬೆರಳನ್ನು ಮುಂದೆ ಹಿಡಿದು ತೋರಿಸುತ್ತಿದ್ದಳು. “ಇದನ್ನ ಹಿಡಕಂಡಿತು ನೋಡು, ಎರಡೂ ಕೈಯಾಗೆ. ಎಷ್ಟು ಸಣ್ಣ ಕೈ. ನಿಮ್ಮ ಚಿಕ್ಕಪ್ಪ ಕೂಸಾಗಿದ್ದಾಗ ಹಿಂಗೇ ಹಿಡಿಯೋನು. ನನಗೆ ಮರೆತೇ ಹೋಗಿತ್ತು.”

ಹಾಗೆ ಹೇಳುತ್ತಾ ಅದೇ ಕೈಯಲ್ಲಿ ರೊಟ್ಟಿ ಮುರಿಯಲು ಹೋದಳು. ಉಚ್ಚಂಗಿ ಒಂದೇ ನೆಗೆತಕ್ಕೆ ಆ ಕೈ ಹಿಡಿದಳು.

“ಕೈ ತೊಳಕಂಡಿಯಾ, ಅಜ್ಜೀ?”

ಇಲ್ಲ, ಸೆರಗಿಗೆ ಒರೆಸಿಕೊಂಡೆ ಎಂದಳು ಅಜ್ಜಿ. ಅವಳಿನ್ನೂ ಏನನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಉಚ್ಚಂಗಿ ಅವಳನ್ನು ಬಚ್ಚಲಿಗೆ ಕರೆದೊಯ್ದು ಕೂರಿಸಿದಳು. ಬೂದಿ ಹಚ್ಚಿ ಒಮ್ಮೆ, ಸೀಗೆಪುಡಿ ಹಚ್ಚಿ ಒಮ್ಮೆ, ಉಗುರಿನ ಸಂದಿಯನ್ನೂ ಬಿಡದೆ ಒಂದೊಂದೇ ಬೆರಳನ್ನು ತಿಕ್ಕಿ ತೊಳೆದಳು. ಅಜ್ಜಿಯ ಸೀರೆ ಬಿಚ್ಚಿಸಿ ಬೇರೆ ಉಡಿಸಿದಳು. ಇಲಿ ಮುಟ್ಟಿದ್ದಕ್ಕೆ ಇಷ್ಟು ಮಡಿಯೇನೇ, ನೀನು ದಿನಾ ಮುಟ್ಟುವುದಿಲ್ಲವೇ ಎಂದು ಅಜ್ಜಿ ನಗುತ್ತಲೇ ಇದ್ದಳು.

ಆಮೇಲೆ ಉಚ್ಚಂಗಿ ಹಿತ್ತಲಿಗೆ ಹೋಗಿ ತಟ್ಟೆ ಸರಿಸಿದಳು. ಕೆಂಚ ಮೂಲೆಯಲ್ಲಿ ಕೂತಿತ್ತು. ಅದರ ಪಕ್ಕೆಗಳು ಬೇಗಬೇಗ ಆಡುತ್ತಿದ್ದವು. ನೀರಿನ ಕುಡಿಕೆ ಖಾಲಿಯಾಗಿತ್ತು. ಅವಳು ಕುಡಿಕೆ ತುಂಬಿದಳು. ಅದು ಕುಡಿಯಿತು. ಮತ್ತೆ ತುಂಬಿದಳು.

ಅವ್ವ ಬಂದ ಕೂಡಲೇ ಬಾಗಿಲಲ್ಲೇ ತಡೆದು ಕಿವಿಯಲ್ಲಿ ಎಲ್ಲ ಹೇಳಿದಳು. ಸಾವಂತ್ರಮ್ಮ ಲಾಟೀನು ಹಿಡಿದು ಸೌದೆಯನ್ನೆಲ್ಲ ಈಚೆ ತೆಗೆದು ಹುಡುಕಿದಳು. ಇನ್ನೊಂದು ಉಂಡೆ ಸಿಗಲಿಲ್ಲ. ಅಜ್ಜಿಗೆ ಹೇಳಬೇಕೇ ಎಂಬಂತೆ ಮಗಳ ಮುಖ ನೋಡಿದಳು. ಉಚ್ಚಂಗಿ ಬೇಡವೆಂದು ತಲೆ ಅಲ್ಲಾಡಿಸಿದಳು.

ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಕೆಂಚ ಸತ್ತಿತ್ತು. ನುಗ್ಗೆ ಮರದ ಬುಡದಲ್ಲಿ ಅವ್ವ ಗುಂಡಿ ತೋಡಿಕೊಟ್ಟಳು. ಉಚ್ಚಂಗಿ ಮಣ್ಣು ಮುಚ್ಚಿ, ಮೇಲೆ ಕಲ್ಲಿಟ್ಟಳು. ಅತ್ತಳು, ಆದರೆ ಸೆರಗು ಕಚ್ಚಿ ಅಳುವ ದೊಡ್ಡವರ ಹಾಗೆ, ಸದ್ದಿಲ್ಲದೆ ಅತ್ತಳು. ತಾನು ಆ ಉಂಡೆ ಕಟ್ಟುವುದನ್ನು ಕಲಿಸದಿದ್ದರೆ ಕೆಂಚನನ್ನು ಅಂದೇ ಹೊಡೆದು ಹಾಕುತ್ತಿದ್ದರು. ಕಲಿಸಿದ್ದಕ್ಕೆ ಈಗ ಹೀಗಾಯಿತು. ಯಾರ ಮೇಲೆ ಸಿಟ್ಟಾಗಬೇಕು ಎಂದು ಎಷ್ಟು ಯೋಚಿಸಿದರೂ ಅವಳಿಗೆ ಒಬ್ಬರೂ ಸಿಗಲಿಲ್ಲ.

ಒಳಗೆ ಬಂದಾಗ ಅಜ್ಜಿ ಕಾಯುತ್ತಿದ್ದಳು. ನಸುಕಿನಲ್ಲೇ ಎದ್ದು ತಡವರಿಸಿಕೊಂಡು ಶೇಂಗಾ ಸುಲಿದಿದ್ದಳು. ಎರಡು ಬೊಗಸೆ ಬೀಜ, ಒಂದು ಚೂರು ಸಿಪ್ಪೆಯಿಲ್ಲದಂತೆ ಆರಿಸಿಟ್ಟಿದ್ದಳು.

“ಬಾ, ಉಂಡೆ ಕಟ್ಟು. ಇವತ್ತೂ ನಾನೇ ಕೊಡ್ತೀನಿ.”

ಉಚ್ಚಂಗಿ ಕೈಗೆ ಅಂಟಿದ್ದ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡಳು. “ಕೆಂಚ ಇಲ್ಲ, ಅಜ್ಜೀ. ತಟ್ಟೆ ತೆಗೀತಿದ್ದಂಗೆ ಹಾರಿ ಹೊಲದ ಕಡೆ ಓಡಿಹೋಯ್ತು.”

ಅಜ್ಜಿ ಸುಲಿದಿಟ್ಟ ಬೀಜದ ಮೇಲೆ ಕೈಯಾಡಿಸಿದಳು. “ಹೋಗಲಿ ಬಿಡು. ತನ್ನೋರನ್ನ ಹುಡುಕ್ಯಂಡು ಹೋಯ್ತು. ಹೊಟ್ಟೆ ತುಂಬ ಉಂಡು ಹೋಯ್ತಲ್ಲ, ಅಷ್ಟೇ ಸಾಕು.”

“ಹೂಂ. ನೀನು ಕೊಟ್ಟಿದ್ದನ್ನ ಒಂದು ಚೂರೂ ಬಿಟ್ಟಿರಲಿಲ್ಲ.”

ಅಜ್ಜಿಗೆ ಸಮಾಧಾನವಾಯಿತು. ಇಷ್ಟು ಬೀಜ ಸುಮ್ಮನೆ ಯಾಕೆ, ನೀನೇ ತಿನ್ನು ಎಂದು ಬೊಗಸೆಯನ್ನು ಅವಳ ಕೈಗೆ ಸುರಿದು, ಪಕ್ಕದಲ್ಲೇ ಕೂರಿಸಿಕೊಂಡಳು.

ಉಚ್ಚಂಗಿ ಒಂದು ಬೀಜ ಬಾಯಿಗೆ ಹಾಕಿಕೊಂಡಳು. ಅಗಿಯದೆ ಹಾಗೇ ಇಟ್ಟುಕೊಂಡಳು. ಅಜ್ಜಿ ಅವಳ ಕಡೆಗೇ ಮುಖ ಮಾಡಿ, ಕಿವಿಗೊಟ್ಟು ಕೂತಿದ್ದಳು. ಉಚ್ಚಂಗಿ ಇನ್ನೊಂದು ಬೀಜ ತೆಗೆದುಕೊಂಡು, ಅಜ್ಜಿಗೆ ಕೇಳಿಸುವಂತೆ ಸದ್ದು ಮಾಡಿ ಅಗಿದಳು.