ಗುಡ್ಡದ ಬಂಗಲೆಯ ನಡುಗೋಡೆ

ಓವರ್‌ಸಿಯರ್ ಕದಿರಪ್ಪ ಕೆಲಸಕ್ಕೆ ಬಂದ ಮೊದಲನೆಯ ದಿನವೇ ಗಾರೆಗೆ ಕಲಸುವ ನೀರನ್ನು ಕುಡಿದುಬಿಟ್ಟ.

ತಪ್ಪು ಪೂರ್ತಿ ಅವನದೂ ಅಲ್ಲ. ಅಮೃತಹಳ್ಳಿಯಿಂದ ಸೈಕಲ್ ತುಳಿದು, ಪುಟ್ಟೇನಹಳ್ಳಿ ಕೆರೆಯಾಚೆಯ ಬಂಡೆಗುಡ್ಡವನ್ನು ಅದೇ ಸೈಕಲ್ ನೂಕಿಕೊಂಡು ಹತ್ತಿ ಬಂದಿದ್ದ. ನೆರಳಲ್ಲೊಂದು ಮಡಕೆ, ಬಾಯಿಗೆ ಬಟ್ಟೆ, ಒಳಗಿನಿಂದ ಬೆಲ್ಲದ ವಾಸನೆ. ಯಾರಿಗಾದರೂ ಪಾನಕ ಅನ್ನಿಸುತ್ತದೆ. ಒಂದು ಲೋಟ ಗಟಗಟನೆ ಇಳಿಸಿದ ಮೇಲೆ ಅವನ ಮುಖ ಹಿಂಡಿಕೊಂಡ ರೀತಿ ನೋಡಿ, ಗಾರೆ ಹೊರುತ್ತಿದ್ದ ಕೃಷ್ಣಮ್ಮ ತಲೆಯ ಮೇಲಿನ ಬಾಂಡಲಿಯನ್ನು ಕೆಳಗಿಟ್ಟು ನಕ್ಕಳು.

"ಅದು ಅಳಲೆಕಾಯಿ ನೀರು ಸೋಮಿ. ಗಾರೆಗೆ ಆಕಾಕೆ."

"ಸಾಯ್ತೀನಾ?"

"ಸಾಯಾಕಿಲ್ಲ. ಒಟ್ಟೆ ಮಾತ್ರ ಚೆನ್ನಾಗಿ ತೊಳ್ದೋಯ್ತದೆ."

ಬೇರೆಯವನಾಗಿದ್ದರೆ ಸಿಡುಕುತ್ತಿದ್ದ. ಇವನು ಬಾಯಿ ಒರೆಸಿಕೊಂಡು ಜೇಬಿನಿಂದ ಸಣ್ಣ ಪುಸ್ತಕ ತೆಗೆದ. "ಗಾರೆಗೆ ಅಳಲೆಕಾಯಿ ಯಾಕೆ? ಬೆಲ್ಲ ಎಷ್ಟು ಹಾಕ್ತೀರ? ಎಷ್ಟು ದಿನ ನೆನೀಬೇಕು?"

ಕೂಲಿಯವರನ್ನು ಪ್ರಶ್ನೆ ಕೇಳುವ ಓವರ್‌ಸಿಯರನ್ನು ಅವಳು ಅದೇ ಮೊದಲು ಕಂಡದ್ದು.

ಅದು ಹಿಂದೆ ಯಾವನೋ ಬಿಳಿ ದೊರೆ ಬೇಸಿಗೆಗೆಂದು ಕಟ್ಟಿಸಿದ ಬಂಗಲೆ. ಮುಂದೆ ಅವನ ಸೀಮೆಯ ಬೆಟ್ಟದ ಮನೆಗಳ ಹಾಗೆ ಕಡಿದಾದ ಮರದ ಸೂರು; ಹಿಂದೆ ಮಾತ್ರ ನಮ್ಮ ಕಡೆಯ ಗಾರೆ ತಾರಸಿ. ಸ್ವಾತಂತ್ರ್ಯ ಬಂದ ಮೇಲೆ ಹದಿನಾಲ್ಕು ವರ್ಷ ಅಲ್ಲಿ ಬಾವಲಿಗಳು ಸಂಸಾರ ಮಾಡಿದ್ದವು. ಈಗ ದ್ರಾಕ್ಷಿ ತೋಟದ ನರಸಿಂಹಯ್ಯನವರು ಕೊಂಡು ಅದನ್ನು ಬೊಂಬಾಯಿ ಫ್ಯಾಷನ್ನಿಗೆ ತಿರುಗಿಸಲು ಹೊರಟಿದ್ದರು. ಮೊಸಾಯಿಕ್ ನೆಲ, ಫ್ಲಶ್‌ಔಟ್ ಕಕ್ಕಸು, ಕೆರೆ ಕಾಣುವಂತೆ ಆಳೆತ್ತರದ ಗಾಜಿನ ಕಿಟಕಿ, ಫ್ರಿಜ್ಜಿಗೆಂದೇ ಒಂದು ಗೂಡು. ಸೋರುವ ತಾರಸಿಗೆ ಗಾರೆ ಬಡಿಯಲು ಮುನಿವೆಂಕಟಮ್ಮನ ಹೆಂಗಸರ ಗುಂಪು ಬಂದಿತ್ತು. ಕೃಷ್ಣಮ್ಮ ಅವಳ ಮಗಳು. ದೊರೆಯ ಕಾಲದಲ್ಲಿ ಆ ತಾರಸಿ ಹಾಕಿದ್ದವನು ಕೃಷ್ಣಮ್ಮನ ತಾತ ಬ್ಯಾಟರಾಯಪ್ಪ.

ದಿನಾ ಮಧ್ಯಾಹ್ನ ಕದಿರಪ್ಪ ಏಣಿ ಹತ್ತಿ ಬರುತ್ತಿದ್ದ. ಸುಣ್ಣ ಎಷ್ಟು ದಿನ ಕೊಳೀಬೇಕು, ಕೊಡತಿಗೆ ಯಾವ ಮರ ಒಳ್ಳೇದು, ಬಡಿಯುವಾಗ ಹಾಡೋದು ಯಾಕೆ. ಕೇಳುವುದು ಗಾರೆಯ ವಿಚಾರ. ಕಣ್ಣು ಮಾತ್ರ ಕೃಷ್ಣಮ್ಮನ ಹಣೆಗಂಟಿದ ಸುಣ್ಣದ ಮೇಲೆ. ಅವಳು ತಿರುಗಿದ ಕೂಡಲೇ ಪುಸ್ತಕಕ್ಕೆ ಇಳಿಯುತ್ತಿತ್ತು.

"ಬರ್ಕಂಡ್ರಾ?"

"ಬರ್ಕೊಂಡೆ."

"ಏನಂತ?"

ಅವನು ಪುಸ್ತಕ ಮುಚ್ಚಿ ಇಳಿದುಹೋಗುತ್ತಿದ್ದ. ಹೆಂಗಸರು ಕೊಡತಿ ನಿಲ್ಲಿಸಿ ನಗುತ್ತಿದ್ದರು.

ಕೃಷ್ಣಮ್ಮನಿಗೆ ಮಾತ್ರ ನಗುವಷ್ಟು ಪುರುಸೊತ್ತಿರಲಿಲ್ಲ. ಶುಕ್ರವಾರ ಬಾಗಲಗುಂಟೆಯಿಂದ ಅವಳನ್ನು ನೋಡಲು ಬರುವವರಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಅವ್ವ ಹೂಂ ಅಂದುಬಿಡುತ್ತಾಳೆ. ಬಾಯಿ ಬಿಡೋಣವೆಂದರೆ ಏನಂತ ಬಿಡುವುದು? ಕದಿರಪ್ಪ ಪರಕೀಯನೇನಲ್ಲ, ಅಮೃತಹಳ್ಳಿ ಚಿಕ್ಕಮಾರಯ್ಯನ ಮಗ, ಅವ್ವನ ತವರಿನ ಕಡೆಯಿಂದ ದೂರದ ನೆಂಟನೇ. ಆದರೆ ಇವನ ಕುತೂಹಲ ತನ್ನ ಮೇಲೋ ಅಳಲೆಕಾಯಿಯ ಮೇಲೋ, ಅದೇ ಅವಳಿಗೆ ತಿಳಿಯುತ್ತಿರಲಿಲ್ಲ. ಇಷ್ಟವಾಗಿದ್ದಾನೆ ಎಂಬುದಂತೂ ತಿಳಿದಿತ್ತು. ಅದಕ್ಕೇ ಸಂಕಟ.

ಬುಧವಾರ ಹಿಂಬದಿಯ ಎರಡು ಕೋಣೆಗಳ ನಡುಗೋಡೆಗೆ ಅವನು ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದ.

"ಇದನ್ನ ಏನ್ ಮಾಡ್ತೀರಾ?" ಈ ಸಲ ಪ್ರಶ್ನೆ ಅವಳದು.

"ನಾಳೆ ಕೆಡವ್ತೀವಿ. ಸಾಹುಕಾರ್ರಿಗೆ ಒಂದೇ ದೊಡ್ಡ ಹಾಲ್ ಬೇಕಂತೆ. ಇದು ಸುಮ್ನೆ ಅಡ್ಡಗೋಡೆ, ಏನೂ ಹೊತ್ತಿಲ್ಲ ಅಂತ ನಾನೇ ಮಾತು ಕೊಟ್ಟಿದ್ದೀನಿ."

"ನಮ್ಮ ತಾತ ತಾರಸಿ ಕೂರ್ಸಿದ್ದೇ ಇದರ ಮ್ಯಾಲೆ."

"ನಿಂಗೆ ಹೆಂಗೆ ಗೊತ್ತು?"

"ಗೋಡೆಗೆ ಕಿವಿ ಇಟ್ಕಂಡು ನಿಂತ್ಕಳಿ. ನಾನು ಮ್ಯಾಲಿಂದ ಬಡೀತೀನಿ. ಅಡ್ಡಗೋಡೆ ಆದ್ರೆ ಏನೂ ಕೇಳಾಕಿಲ್ಲ."

ಅವಳು ಏಣಿ ಹತ್ತಿ, ಅಂಚಿನಿಂದ ಎರಡು ಮಾರು ಅಳೆದು, ಗೋಡೆಯ ನೇರಕ್ಕೆ ಕೊಡತಿ ಎತ್ತಿ ಒಂದೇಟು ಹಾಕಿದಳು. "ಕೇಳಿಸ್ತಾ?"

"ಇನ್ನೊಂದ್ಸಲ!"

ಹೊಡೆದಳು. "ಈಗ?"

"ಇನ್ನೊಂದೇ ಒಂದು!"

ಇಳಿದು ಬಂದಾಗ ಅವನು ಕಣ್ಣು ಮುಚ್ಚಿ ಗೋಡೆಗೆ ಕೆನ್ನೆಯೊತ್ತಿ ಹಾಗೇ ನಿಂತಿದ್ದ. ಕ್ರಾಪಿನ ತುಂಬ ಉದುರಿದ ಸುಣ್ಣ.

"ಎಷ್ಟನೇ ಏಟ್ಗೆ ಕೇಳಿಸ್ತು?"

"ಮೊದಲ್ನೇದಕ್ಕೇ. ಎದೆ ಒಳಗೇ ಬಡಿದಂಗಾಯ್ತು."

"ಮತ್ತೆ ಮೂರು ಸಲ ಯಾಕೆ ಬಡಿಸಿದ್ರಿ?"

ಅವನ ಕಿವಿ ಕೆಂಪಾಯಿತು. ಹಾಕಿದ್ದ ಗೀಟನ್ನು ಅಂಗೈಯಿಂದ ಒರೆಸತೊಡಗಿದ. ಅವಳು ಸ್ವಲ್ಪ ಹೊತ್ತು ಕಾದಳು. ಅವನು ಗೀಟು ಒರೆಸುತ್ತಲೇ ಇದ್ದ. ಸಿಟ್ಟು ಬಂದು ಹೊರಟುಹೋದಳು.

ಗುರುವಾರ ನರಸಿಂಹಯ್ಯನವರು ಕಾರಿನಲ್ಲಿ ಬಂದರು. ಹೆಂಗಸರೆಲ್ಲ ತಾರಸಿಯ ಅಂಚಿಗೆ ಬಂದು ನಿಂತರು.

"ಏನಯ್ಯಾ, ಗೋಡೆ ಇನ್ನೂ ನಿಂತೈತೆ?"

"ಕೆಡವೋ ಹಾಗಿಲ್ಲ ಸಾರ್. ತಾರಸಿ ಭಾರ ಎಲ್ಲಾ ಅದರ ಮೇಲೇ ಇದೆ. ನಾನು ಹೇಳಿದ್ದು ತಪ್ಪು. ನಡುವೆ ಕಮಾನು ಇಟ್ಟು ತೆರೆಯೋಣ. ಎರಡು ತಿಂಗಳು ಹೆಚ್ಚು ಹಿಡಿಯುತ್ತೆ."

"ಪ್ಲಾನ್ ಹಾಕ್ದೋನೂ ನೀನೇ, ತಪ್ಪು ಅನ್ನೋನೂ ನೀನೇ! ನಿನ್ನೆ ಇಲ್ದೇ ಇರೋ ಬುದ್ಧಿ ಇವತ್ತೆಲ್ಲಿಂದ ಬಂತು?"

ಮೇಲೆ ಕೃಷ್ಣಮ್ಮ ಇನ್ನಷ್ಟು ಬಾಗಿ ಕಿವಿಗೊಟ್ಟಳು. ನಾನೇ ಪರೀಕ್ಷೆ ಮಾಡಿ ಕಂಡುಹಿಡಿದೆ ಅಂತ ಕದಿರಪ್ಪ ಅಂದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಅಲ್ಲಗಳೆಯುವವರು ಯಾರೂ ಇರಲಿಲ್ಲ.

"ಕೃಷ್ಣಮ್ಮ ತೋರಿಸ್ಕೊಟ್ಳು ಸಾರ್."

"ಗಾರೆ ಬಡಿಯೋ ಹುಡುಗಿ ಮಾತು ಕೇಳ್ಕೊಂಡು ಮನೆ ಕಟ್ತೀಯೇನಯ್ಯಾ?"

"ಕಟ್ತೀನಿ ಸಾರ್. ನಾಳೆ ನಂದೂ ಅಂತ ಒಂದು ಮನೆ ಆದ್ರೆ, ಅದನ್ನೂ ಅವಳ ಮಾತು ಕೇಳ್ಕೊಂಡೇ ಕಟ್ಟೋದು. ಅವಳು ಒಪ್ಪಿದ್ರೆ."

ಹೇಳಿದ ಮೇಲೆ ಅವನಿಗೇ ಗಾಬರಿಯಾದಂತೆ ಕಂಡಿತು. ನರಸಿಂಹಯ್ಯನವರು ಅವನನ್ನೊಮ್ಮೆ, ತಾರಸಿಯನ್ನೊಮ್ಮೆ ನೋಡಿ, ಸಿಮೆಂಟ್ ಮೂಟೆಯ ಮೇಲೆ ಕೂತರು. "ಕಮಾನು ವಿಚಾರ ಆಮೇಲೆ. ಮೊದ್ಲು ಇದೊಂದು ಇತ್ಯರ್ಥ ಆಗ್ಲಿ."

ಕೃಷ್ಣಮ್ಮ ಏಣಿಯಿಳಿದು ಅವನೆದುರಿಗೆ ಬಂದು ನಿಂತಳು. ಮೊಣಕೈವರೆಗೂ ಗಾರೆ.

"ಇಷ್ಟು ದಿನ ಊರಿನ ಪ್ರಶ್ನೆ ಎಲ್ಲಾ ಕೇಳಿದ್ರಿ. ಇದೊಂದು ಮಾತ್ರ ನನ್ನ ಕೇಳ್ದೆ ಸಾವ್ಕಾರ್ರಿಗೆ ಏಳ್ತೀರಾ?"

"ನಿನ್ನ ಕೇಳೋಕೆ ಭಯ ಆಯ್ತು. ಇಲ್ಲ ಅಂದ್ಬಿಟ್ರೆ?"

"ನಾಳೆ ಬಾಗಲಗುಂಟೆಯೋರು ಕೇಳಾಕ್ ಬತ್ತಾವ್ರೆ. ಇಲ್ಲ ಅನ್ನಾದೇನಿದ್ರೂ ಅವ್ರಿಗೆ."

ಅಷ್ಟು ಹೇಳಿ ಅವಳಿಗೂ ಧೈರ್ಯ ಮುಗಿಯಿತು. ತಲೆ ತಗ್ಗಿಸಿದಳು. ತಾರಸಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಮುನಿವೆಂಕಟಮ್ಮ ಸೊಂಟದ ಮೇಲೆ ಕೈಯಿಟ್ಟು, ಮಗಳನ್ನು ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಅಂದಳು:

"ಯಾರಾನಾ ಇವತ್ತೇ ಬಾಗಲಗುಂಟೆಗೆ ಓಗಿ ಬ್ಯಾಡ ಅಂತ ಏಳ್ಬುಡ್ರಪ್ಪ. ಪಾಪ, ಅವ್ರು ಬಿಸಿಲಾಗೆ ಸುಮ್ಕೆ ಯಾಕೆ ಬರ್ಬೇಕು."

"ನಾನೇ ಹೋಗಿ ಹೇಳ್ಬರ್ತೀನಿ!" ಎಂದ ಕದಿರಪ್ಪ.

"ಅಯ್ಯೋ, ನೀವೇ ಓದ್ರೆ ಇಡ್ಕಂಡು ತದುಕ್ತಾರೆ ಕಣ್ರೀ!" ಎಂದು ಕೃಷ್ಣಮ್ಮ ಕೂಗುವಷ್ಟರಲ್ಲಿ ಅವನ ಸೈಕಲ್ ಅರ್ಧ ಗುಡ್ಡ ಇಳಿದಿತ್ತು.