ಆರನೆಯ ಸಾಲು

ಆ ಶನಿವಾರವೂ ಮಹೇಂದ್ರ ಅವಳ ಪದ್ಯದ ಆರನೆಯ ಸಾಲನ್ನು ಕಿತ್ತುಕೊಂಡ.

ಅಮೃತಹಳ್ಳಿಯ ಆಂಜನೇಯನ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ ಕಾವ್ಯವಾಚನ. ಲೈಬ್ರರಿಯಲ್ಲಿ ಕೆಲಸ ಮಾಡುವ ಇಂದು ಎಂಬ ಹುಡುಗಿ ಷಟ್ಪದಿಗಳನ್ನು ರಾಗವಾಗಿ ಓದಬೇಕು, ಅವಳು ನಿಲ್ಲಿಸಿದ ಮೇಲೆ ಪಕ್ಕದಲ್ಲಿ ಕುಳಿತ ಮಹೇಂದ್ರ ಅರ್ಥ ಹೇಳಬೇಕು. ಷಟ್ಪದಿಯ ಆರು ಸಾಲುಗಳಲ್ಲಿ ಮೂರನೆಯದೂ ಕೊನೆಯದೂ ಉದ್ದದ್ದು. ಓದುವವರ ಉಸಿರಿನ ಅಳತೆ ಸಿಗುವುದು ಕೊನೆಯದರಲ್ಲೇ. ಅವಳು ಐದನೆಯ ಸಾಲು ಮುಗಿಸಿ ಬಾಯಿ ತೆರೆಯುವಷ್ಟರಲ್ಲಿ ಅವನು ಕೈಮುಗಿದು, "ನೋಡಿ, ಕವಿ ಇಲ್ಲಿ ಏನು ಹೇಳ್ತಾನೆ ಅಂದ್ರೆ..." ಎಂದು ಶುರು ಮಾಡಿಬಿಟ್ಟಿದ್ದ. ಸತತ ಮೂರನೆಯ ವಾರ ಹೀಗಾಗಿತ್ತು.

ಮಂಗಳಾರತಿ ಮುಗಿದು ಜನ ತೀರ್ಥಕ್ಕೆ ಎದ್ದಾಗ ಇಂದು ಅವನನ್ನು ಅಶ್ವತ್ಥಕಟ್ಟೆಯ ಹತ್ತಿರ ಹಿಡಿದಳು.

"ಮಹೇಂದ್ರ ಅವ್ರೇ, ಒಂದ್ ನಿಮಿಷ. ನನ್ನ ಪದ್ಯ ಅರ್ಧಕ್ಕೆ ತುಂಡು ಮಾಡೋಕೆ ನಿಮಗೆ ಯಾರು ಹೇಳಿದ್ದು?"

ಅವನು ಚಪ್ಪಲಿಗೆ ಹಾಕುತ್ತಿದ್ದ ಕಾಲನ್ನು ಹಾಗೇ ನಿಲ್ಲಿಸಿದ. ಯಲಹಂಕ ಡಿಪೋದ ಬಸ್ ಕಂಡಕ್ಟರ್ ಅವನು. ಬೆಳಗಿನ ಶಿಫ್ಟ್ ಮುಗಿಸಿ, ಖಾಕಿ ಕಳಚಿ, ಪಂಚೆ ಉಟ್ಟು ಗುಡಿಗೆ ಬರುತ್ತಿದ್ದ. ಅಜ್ಜಿಯ ಮಡಿಲಲ್ಲಿ ಪದ್ಯ ಕೇಳುತ್ತ ಬೆಳೆದವನು. ದಿನವಿಡೀ ಸ್ಟಾಪುಗಳ ಹೆಸರು ಕೂಗಿಯೂ ಕಂಠ ಕೆಡಿಸಿಕೊಂಡಿರಲಿಲ್ಲ.

"ಬೈಯೋದಾದ್ರೆ ಕೂತ್ಕೊಂಡು ಬೈರಿ," ಅಂದ.

"ನಿಂತ್ಕೊಂಡೇ ಬೈತೀನಿ."

"ಅದಕ್ಕೇ ಹೇಳ್ದೆ. ನಿಂತ್ರೆ ನಿಮ್ಮ ಉಸಿರು ಬೈಗುಳಕ್ಕೂ ಸಾಲಲ್ಲ."

ನಿಜಕ್ಕೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಗುಡಿಯ ನಾಲ್ಕು ಮೆಟ್ಟಿಲು ಇಳಿದದ್ದಕ್ಕೆ.

"ಬಸ್ಸಲ್ಲಿ ಯಾರು ನಿಂತಲ್ಲೇ ಕುಸೀತಾರೆ ಅಂತ ಮುಖ ನೋಡಿದ್ರೆ ನಮಗೆ ಗೊತ್ತಾಗುತ್ತೆ ರೀ," ಅವನ ದನಿ ಇಳಿಯಿತು. "ಎದ್ದು ಜಾಗ ಕೊಡಿ ಅಂತ ಪಕ್ಕದೋರಿಗೆ ಹೇಳ್ತೀವಿ. ನಿಮ್ಮ ಕುತ್ತಿಗೆ ಪಕ್ಕ ನರ ಹೊಡ್ಕೊಳ್ಳೋದು ಮೈಕ್ ಪಕ್ಕ ಕೂತ ನನಗೆ ಕಾಣ್ಸುತ್ತೆ. ಐದನೇ ಸಾಲಿಗೆ ಬರೋಷ್ಟರಲ್ಲಿ ತುಟಿ ಬಿಳಿ ಆಗಿರುತ್ತೆ. ಜನದ ಮುಂದೆ ನಿಮ್ಮ ದನಿ ಮುರೀಬಾರ್ದು ಅಂತ ನಾನು ಮಧ್ಯೆ ಬಾಯಿ ಹಾಕ್ದೆ. ತಪ್ಪಾಯ್ತು."

ಮೂರು ವಾರ ಅವಳು ಅವನನ್ನು ಅಹಂಕಾರಿ ಎಂದುಕೊಂಡಿದ್ದಳು. ಮನೆಯ ಕನ್ನಡಿಯ ಮುಂದೆ ನಿಂತು ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಈಗ ಅವುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಕಟ್ಟೆಯ ಮೇಲೆ ಕುಳಿತಳು. ಅವನೂ ಕುಳಿತ, ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು.

"ಎಷ್ಟು ದಿನದಿಂದ?"

"ಮೂರು ತಿಂಗಳು." ಅವಳು ಮೊದಲ ಸಲ ಬಾಯಿ ಬಿಟ್ಟು ಹೇಳಿದಳು. "ಕೂತಿದ್ರೂ ಹೊಡ್ಕೊಳ್ಳುತ್ತೆ, ಮಲಗಿದ್ರೂ ಹೊಡ್ಕೊಳ್ಳುತ್ತೆ. ಕೈ ನಡುಗುತ್ತೆ. ಲೈಬ್ರರಿಯಲ್ಲಿ ಪುಸ್ತಕ ಎತ್ತಿಡೋಕೆ ಆಗಲ್ಲ. ಇಬ್ಬರು ಡಾಕ್ಟ್ರಿಗೆ ತೋರ್ಸಾಯ್ತು. ಟೆನ್ಷನ್ ಕಣಮ್ಮ, ಮದುವೆ ಮಾಡ್ಕೊ ಸರಿಹೋಗುತ್ತೆ ಅಂದ್ರು."

"ಇಬ್ಬರೂ?"

"ಇಬ್ಬರೂ."

"ಹಾಗಾದ್ರೆ ಮೂರನೆಯವರು ಬೇಕು," ಅಂದ ಮಹೇಂದ್ರ. "ಬೆಳಿಗ್ಗೆ ಹಾಸಿಗೆಯಿಂದ ಏಳೋ ಮುಂಚೆ ನಾಡಿ ಎಣಿಸಿ ಬರೆದಿಡಿ. ಪೂರ್ತಿ ಒಂದು ನಿಮಿಷ. ಬಾಯಲ್ಲಿ ಹೇಳಿದ್ರೆ ಟೆನ್ಷನ್ ಅಂತಾರೆ. ಬರೆದದ್ದಕ್ಕೆ ಟೆನ್ಷನ್ ಇರಲ್ಲ."

ಅವಳು ನಕ್ಕಳು. ನಗುವುದಕ್ಕೂ ಉಸಿರು ಬೇಕೆಂದು ಅವಳಿಗೆ ಅಂದೇ ಗೊತ್ತಾದದ್ದು.

*

ಹನ್ನೆರಡು ಬೆಳಗು ಅವಳು ಎಣಿಸಿದಳು. ನೂರ ಹನ್ನೆರಡು. ನೂರ ಹದಿನಾರು. ನೂರ ಒಂಬತ್ತು. ಜಕ್ಕೂರಿನ ಪುಟ್ಟ ತರಬೇತಿ ವಿಮಾನ ಮನೆಯ ಮೇಲೆ ಗುಯ್ಯೆಂದು ಸುತ್ತುವ ಮೊದಲೇ ಎದ್ದು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡುತ್ತ ಎಣಿಸುತ್ತಿದ್ದಳು. ಆ ಲೆಕ್ಕ ತಪ್ಪದ ಬಡಿತದಲ್ಲಿ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಹಟ ಹುಟ್ಟಿತು. ಇದು ನನ್ನ ಮೈ, ಇದಕ್ಕೆ ಏನಾಗಿದೆಯೆಂದು ತಿಳಿಯದೆ ಬಿಡುವುದಿಲ್ಲ ಎಂದುಕೊಂಡಳು.

ಅಮ್ಮ ಕೃಷ್ಣಮ್ಮನಿಗೆ ಬೇರೆಯದೇ ಚಿಂತೆ. ಮಗಳಿಗೆ ದೃಷ್ಟಿ ತೆಗೆದಾಗಿತ್ತು, ತೋಳಿಗೆ ತಾಯತ ಕಟ್ಟಿಸಿಯೂ ಆಗಿತ್ತು.

"ಇಂಗೆ ಆಸ್ಪತ್ರೆ ಆಸ್ಪತ್ರೆ ಅಂತ ತಿರುಗಿದ್ರೆ, ಎದೆ ಕಾಯಿಲೆ ಉಡುಗಿ ಅಂತ ಊರೆಲ್ಲ ಅಂದ್ಕೊಳಲ್ವೇನೆ? ಶನಿವಾರ ಹೆಸರಘಟ್ಟದೋರು ನೋಡೋಕೆ ಬರ್ತಾವ್ರೆ. ಮದುವೆ ಒಂದ್ ಆಗೋಗ್ಲಿ, ಆಮೇಲೆ ಎಲ್ಲಿಗಾದ್ರೂ ಓಗಿ ತೋರಿಸ್ಕೊ."

"ಆಮೇಲೆ ಅವರಿಗೆ ಮೋಸ ಮಾಡಿದ ಹಾಗೆ ಆಗಲ್ವಾ ಅಮ್ಮ?"

ಅಪ್ಪ ಮುನಿಶಾಮಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಹೊಲವಿದ್ದ ಜಾಗದಲ್ಲಿ ಮೂರು ಬಿಲ್ಡಿಂಗ್ ಎಬ್ಬಿಸಿದವರು. ಪೇಪರಿನ ಹಿಂದಿನಿಂದಲೇ ಹೇಳಿದರು: "ಪಾಯ ಪರೀಕ್ಷೆ ಮಾಡ್ದೆ ನಾನು ಮನೆ ಕಟ್ಟಿಲ್ಲ. ಓಗಲಿ ಬಿಡು, ತೋರಿಸ್ಕೊಂಡ್ ಬರ್ಲಿ."

ಹೆಬ್ಬಾಳದ ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರ್ ಹೆಂಗಸು. ಟೆನ್ಷನ್ ಎಂಬ ಪದ ಅವರ ಬಾಯಿಗೆ ಬರುವ ಮುಂಚೆಯೇ ಇಂದು ಹನ್ನೆರಡು ದಿನದ ಹಾಳೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು ಓದಿದರು.

"ಇದನ್ನು ಬರೀ ಅಂತ ಯಾರು ಹೇಳಿದ್ರು?"

"ಒಬ್ರು ಕಂಡಕ್ಟ್ರು."

"ಒಳ್ಳೇ ಕಂಡಕ್ಟರ್," ಅಂದು ಡಾಕ್ಟರ್ ಅವಳ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಬೆರಳ ತುದಿಯ ನಡುಕವನ್ನು ನೋಡಿದರು. ಇಸಿಜಿ ಆಯಿತು, ಎಕೋ ಆಯಿತು, ರಕ್ತ ತೆಗೆದರು. ಇಪ್ಪತ್ತನಾಲ್ಕು ಗಂಟೆ ಎದೆಬಡಿತ ಬರೆದುಕೊಳ್ಳುವ ಹೋಲ್ಟರ್ ಎಂಬ ಪುಟ್ಟ ಡಬ್ಬಿಗೆ ಸಿಕ್ಕ ದಿನ ಶನಿವಾರ.

ಶನಿವಾರ ಬೆಳಿಗ್ಗೆ ನರ್ಸ್ ಅವಳ ಎದೆಗೆ ಪಟ್ಟಿಗಳನ್ನು ಅಂಟಿಸಿ, ಡಬ್ಬಿಯನ್ನು ಸೊಂಟಕ್ಕೆ ಕಟ್ಟಿದಳು. ಟೆಕ್ನಿಷಿಯನ್ ರಿಯಾಜ್ ಒಂದು ಹಾಳೆ ಕೊಟ್ಟ.

"ಮೇಡಂ, ಇದು ಹಾಕ್ಕೊಂಡು ಸುಮ್ನೆ ಮಲಗಿಬಿಡ್ಬೇಡಿ. ದಿನಾ ಏನ್ ಮಾಡ್ತೀರೋ ಅದನ್ನೇ ಮಾಡಿ. ಎಷ್ಟು ಗಂಟೆಗೆ ಏನ್ ಮಾಡಿದ್ರಿ ಅಂತ ಇದ್ರಲ್ಲಿ ಬರೀರಿ. ಊಟ, ಮೆಟ್ಟಿಲು, ಜಗಳ, ಎಲ್ಲಾ. ಸುಳ್ಳು ಮಾತ್ರ ಬರೀಬೇಡಿ."

"ಬರೆದ್ರೆ?"

"ಡಬ್ಬಿ ಚಾಡಿ ಹೇಳುತ್ತೆ," ಅಂದು ನಕ್ಕ.

*

ಹೆಸರಘಟ್ಟದವರು ನಾಲ್ಕು ಗಂಟೆಗೆ ಬಂದರು. ಕೃಷ್ಣಮ್ಮ ಡಬ್ಬಿ ಕಾಣದಂತೆ ಮಗಳ ಸೆರಗನ್ನು ಎರಡು ಸಲ ಸುತ್ತಿ ಪಿನ್ ಹಾಕಿದ್ದರು. ಕಾಫಿ ಲೋಟ ಕೊಡಲು ಬಗ್ಗಿದಾಗ ಪಿನ್ ಬಿಚ್ಚಿಕೊಂಡಿತು.

"ಅದೇನಮ್ಮ ಸೊಂಟದಲ್ಲಿ?" ಹುಡುಗನ ತಾಯಿ ಕೇಳಿದರು. "ಮೊಬೈಲಾ?"

ಕೃಷ್ಣಮ್ಮ ಹೌದೆನ್ನಲು ಬಾಯಿ ತೆರೆದರು. ಇಂದು ಟ್ರೇ ಕೆಳಗಿಟ್ಟಳು.

"ಅಲ್ಲಮ್ಮ. ನನ್ನ ಎದೆ ಜೋರಾಗಿ ಹೊಡ್ಕೊಳ್ಳುತ್ತೆ. ಯಾಕೆ ಅಂತ ಪರೀಕ್ಷೆ ಮಾಡಿಸ್ತಿದ್ದೀನಿ. ಮಂಗಳವಾರ ಗೊತ್ತಾಗುತ್ತೆ."

ಹುಡುಗನ ತಾಯಿ ಕಾಫಿ ಪೂರ್ತಿ ಕುಡಿದು, ಮನೆ ಚೆನ್ನಾಗಿದೆ ಅಂದು, ನೋಡಿ ಹೇಳ್ತೀವಿ ಅಂದು ಎದ್ದರು. ಕಾರು ತಿರುವಿನಲ್ಲಿ ಮರೆಯಾದಾಗ ಕೃಷ್ಣಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಇಂದು ಹಾಳೆ ತೆಗೆದು ಬರೆದಳು: 4.10 – ಹೆಸರಘಟ್ಟದವರು. ನಿಜ ಹೇಳಿದೆ. 4.40 – ಅಮ್ಮ ಅತ್ತರು. ಅವರ ಕೈ ಹಿಡಿದು ಕೂತಿದ್ದೇನೆ.

ಸಂಜೆ ಡಬ್ಬಿಯೊಂದಿಗೇ ಗುಡಿಗೆ ಹೊರಟಳು. "ಇವತ್ತೊಂದಿನ ಬ್ಯಾಡ ಕಣೆ," ಅಂದರು ಅಮ್ಮ.

"ದಿನಾ ಮಾಡೋದನ್ನೇ ಮಾಡ್ಬೇಕಂತೆ ಅಮ್ಮ."

ಮಹೇಂದ್ರ ಅವಳ ಸೊಂಟದ ಡಬ್ಬಿಯನ್ನು ನೋಡಿದ, ಅವಳ ಮುಖ ನೋಡಿದ. ಅವಳ ನೀರಿನ ಲೋಟವನ್ನು ಒಂದು ಗೇಣು ಹತ್ತಿರ ಸರಿಸಿದ, ಅಷ್ಟೆ. ಆ ಒಂದು ಗೇಣನ್ನು ಅವಳ ಕಣ್ಣು ಅಳೆದುಕೊಂಡಿತು.

ಅವಳು ಓದಿದಳು. ಐದು ಸಾಲು ಆಗುತ್ತಲೇ ಓರೆನೋಟದಲ್ಲಿ ಅವನತ್ತ ತಿರುಗಿದಳು. ಇವತ್ತು ಅವನು ಕಿತ್ತುಕೊಳ್ಳಲಿಲ್ಲ, ಅವಳೇ ಕೊಟ್ಟಳು. ಅವನು ಅರ್ಥ ಹೇಳತೊಡಗಿದ. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ದೂರದ ದೀಪ ಕಂಡು ನಡೆಯುವ ಪದ್ಯ. ಆ ದೀಪ ಇಟ್ಟವರು ಯಾರೋ, ಯಾರಿಗಾಗಿ ಇಟ್ಟರೋ, ಆದರೆ ನೋಡಿದವನದೇ ಅದು ಎಂದ. ಕಂಬಕ್ಕೊರಗಿ ಕೇಳುತ್ತ ಇಂದು ಹಾಳೆಯನ್ನು ತೊಡೆಯ ಮೇಲಿಟ್ಟು ಬರೆದಳು: 6.20 – ಮಹೇಂದ್ರ ಅರ್ಥ ಹೇಳುತ್ತಿದ್ದಾರೆ. ಕೇಳುತ್ತಿದ್ದೇನೆ.

*

ಮಂಗಳವಾರ ಕೃಷ್ಣಮ್ಮನೂ ಜೊತೆಗೆ ಬಂದರು. ದಾರಿಯುದ್ದಕ್ಕೂ ಮಗಳ ಮುಂಗೈ ಬಿಡಲಿಲ್ಲ.

"ಹಾರ್ಟ್ ಚೆನ್ನಾಗಿದೆ," ಡಾಕ್ಟರ್ ಮೊದಲ ಮಾತಿಗೇ ಹೇಳಿದರು. "ಅದನ್ನ ಓಡಿಸ್ತಿರೋದು ಥೈರಾಯ್ಡ್. ಕುತ್ತಿಗೆಯಲ್ಲಿರೋ ಗ್ರಂಥಿ ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡ್ತಿದೆ. ರಕ್ತದ ರಿಪೋರ್ಟಲ್ಲಿ ಸ್ಪಷ್ಟವಾಗಿದೆ. ಅದಕ್ಕೇ ನಿದ್ದೆಯಲ್ಲೂ ಬಡಿತ ಇಳೀತಿಲ್ಲ. ಅದಕ್ಕೇ ಕೈ ನಡುಕ, ಸುಸ್ತು. ಮಾತ್ರೆ ಇದೆ. ತಿಂಗಳುಗಟ್ಟಲೆ ತಗೋಬೇಕು, ಮಧ್ಯೆ ಮಧ್ಯೆ ರಕ್ತ ಪರೀಕ್ಷೆ ಮಾಡಿಸ್ಬೇಕು. ವಾಸಿ ಆಯ್ತು ಅಂತ ನೀವೇ ನಿಲ್ಲಿಸೋ ಹಾಗಿಲ್ಲ. ಸರಿಯಾದ ಹೊತ್ತಿಗೆ ಬಂದ್ರಿ. ಇನ್ನೂ ಬಿಟ್ಟಿದ್ರೆ ಹಾರ್ಟೂ ಸೋಲ್ತಿತ್ತು."

ಕೃಷ್ಣಮ್ಮ ಕೈಮುಗಿದರು, ಡಾಕ್ಟರಿಗೋ ಅವರ ಹಿಂದಿನ ಗೋಡೆಯ ದೇವರ ಪಟಕ್ಕೋ.

"ಒಂದೇ ಒಂದು ನನಗೆ ಅರ್ಥ ಆಗಿಲ್ಲ," ಡಾಕ್ಟರ್ ಹಾಳೆಯ ಮೇಲೆ ಪೆನ್ನಿಟ್ಟರು. "ನಿದ್ದೆಯಲ್ಲಿ ನೂರಾ ಎರಡು. ಹೆಸರಘಟ್ಟದವರು ಬಂದಾಗ ನೂರ ಮೂವತ್ತು, ಅದು ಬಿಡಿ. ಆರು ಇಪ್ಪತ್ತರಿಂದ ಆರು ಮುಕ್ಕಾಲರವರೆಗೆ ತೊಂಬತ್ತೊಂದು. ಇಡೀ ದಿನದಲ್ಲಿ ಅತಿ ಕಡಿಮೆ. ಈ ಮಹೇಂದ್ರ ಯಾರು?"

ಇಂದು ಬೆಚ್ಚಗಾದ ಕಿವಿಗಳನ್ನು ಮುಚ್ಚಿಕೊಳ್ಳುವಂತೆ ಕೂದಲು ಸರಿಮಾಡಿಕೊಂಡಳು. "ಆ ಕಂಡಕ್ಟ್ರು, ಮೇಡಂ."

"ಓ," ಅಂದರು ಡಾಕ್ಟರ್. "ಇದು ನನ್ನ ಸಬ್ಜೆಕ್ಟ್ ಅಲ್ಲ."

ಆಟೋ ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿತು. ಕೃಷ್ಣಮ್ಮ ಕೆರೆಯ ಕಡೆ ನೋಡುತ್ತಲೇ ಕೇಳಿದರು: "ಅವನು ಬಸ್ ಕಂಡಕ್ಟ್ರಲ್ವೇನೆ?"

"ಹೌದಮ್ಮ."

"ಹೂಂ." ಆಟೋ ಒಂದಡಿ ಮುಂದೆ ಹೋಯಿತು. "ಅರ್ಥ ಚೆನ್ನಾಗ್ ಏಳ್ತಾನೆ."

*

ಮರುದಿನ ಬೆಳಿಗ್ಗೆ ಅವಳು ಅವನ ಬಸ್ಸಿಗೇ ಕಾದು ಹತ್ತಿದಳು. ಜನ ಹೆಚ್ಚಿರಲಿಲ್ಲ. "ಎಲ್ಲಿಗೆ?" ಎಂದು ಅಭ್ಯಾಸಬಲದಿಂದ ಕೇಳಿ, ತಲೆ ಎತ್ತಿದವನು ಟಿಕೆಟ್ ಮೆಷಿನ್ನನ್ನು ಮರೆತ.

ಅವಳು ರಿಪೋರ್ಟಿನ ಹಾಳೆಗಳನ್ನು ಚಾಚಿದಳು. "ಇದನ್ನ ಓದಿ ಅರ್ಥ ಹೇಳಿ."

ಅವನು ಸೀಟಿನ ಕಂಬಿಗೊರಗಿ ಓದಿದ. ಥೈರಾಯ್ಡ್ ಎಂದಿದ್ದಲ್ಲಿ ಅವನ ಹೆಗಲು ಇಳಿದು ಹಗುರಾಯಿತು. ಆಮೇಲೆ 6.20, ತನ್ನ ಹೆಸರು, ಪಕ್ಕದಲ್ಲೇ ತೊಂಬತ್ತೊಂದು ಎಂದಿದ್ದಲ್ಲಿ ಬೆರಳು ನಿಂತಿತು. ಮತ್ತೆ ಓದಿದ.

"ಇದು ಒಳ್ಳೇದಾ, ಕೆಟ್ಟದ್ದಾ?"

"ನೀವೇ ಹೇಳ್ಬೇಕು. ವ್ಯಾಖ್ಯಾನ ನಿಮ್ಮ ಕೆಲಸ."

"ಎಲ್ರಿಗೂ ಇಂಥ ಕಡೆ ಎದೆಬಡಿತ ಜಾಸ್ತಿ ಆಗುತ್ತೆ ಅಂತಾರಲ್ರೀ," ಅವನ ಕಣ್ಣು ಹಾಳೆಯಿಂದ ಏಳಲಿಲ್ಲ.

"ನಂದು ಮೊದಲೇ ಜಾಸ್ತಿ ಇತ್ತು. ನಿಮ್ಮ ಹತ್ರ ಬಂದು ಇಳೀತು." ಅವಳು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು, ನಡುವೆ ನಿಂತರೆ ಧೈರ್ಯ ಸಾಲದೆಂದು. "ಮಾತ್ರೆ ಶುರು ಮಾಡಿದ್ದೀನಿ. ಇನ್ನು ಸ್ವಲ್ಪ ದಿನಕ್ಕೆ ತಾನಾಗೇ ಇಳಿಯುತ್ತಂತೆ. ಆಮೇಲೆ ಮಾತ್ರೆಯಿಂದಲೋ ನಿಮ್ಮಿಂದಲೋ ಗೊತ್ತಾಗಲ್ಲ. ಅದಕ್ಕೇ ಈಗಲೇ ಹೇಳೋಕೆ ಬಂದೆ."

ಬಸ್ಸು ಸ್ಟಾಪಿನಲ್ಲಿ ನಿಂತೇ ಇತ್ತು. ಮುಂದಿನಿಂದ ಡ್ರೈವರ್ ಪಂಚಪ್ಪ ಕೂಗಿದರು: "ಏನ್ ಗುರು, ವಿಸಿಲ್ ಹೊಡೀತೀಯೋ, ಇಲ್ಲೇ ಮನೆ ಮಾಡ್ತೀಯೋ?"

ಮಹೇಂದ್ರ ವಿಸಿಲ್ ಬಾಯಿಗಿಟ್ಟ. ಊದಲು ನಗು ಬಿಡಲಿಲ್ಲ.

"ಭಾನುವಾರ ರಜಾ," ಅಂದ ಅವಳಿಗೆ ಮಾತ್ರ ಕೇಳುವಂತೆ. "ನಿಮ್ಮಪ್ಪನ ಹತ್ರ ಮಾತಾಡೋಕೆ ಬರ್ತೀನಿ. ಎಂಥ ಮನೆತನ, ಏನು ಸಂಬಳ ಅಂತ ಕೇಳ್ತಾರೆ. ಕೇಳ್ಲಿ. ನೀವು ನಿಜ ಹೇಳಿದ ಮನೆಯಲ್ಲಿ ನಾನೂ ನಿಜಾನೇ ಹೇಳ್ತೀನಿ."

ಭಾನುವಾರ ಮುನಿಶಾಮಪ್ಪ ಅವನನ್ನು ಎರಡು ಗಂಟೆ ಕೂರಿಸಿಕೊಂಡರು. ಆಮೇಲೆ ಹೆಂಡತಿಗೆ ಇಷ್ಟೇ ಹೇಳಿದರು: "ಪಾಯ ಗಟ್ಟಿ ಐತೆ."

*

ಕಾವ್ಯದ ಕೊನೆಯ ಸಂಧಿ ಮುಗಿಯುವ ಶನಿವಾರದ ಹೊತ್ತಿಗೆ ಮಾತ್ರೆ ಶುರುವಾಗಿ ಮೂರು ತಿಂಗಳು. ಆ ಬೆಳಿಗ್ಗೆ ಅವಳ ನಾಡಿ ಎಪ್ಪತ್ತೆಂಟು. ಹಾಳೆಯಲ್ಲಿ ಬರೆದು, ಕೆಳಗೆ ಗೆರೆ ಎಳೆದಳು.

ಗುಡಿ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಂದು ವಾರವೂ ವಾಚನ ತಪ್ಪಿಸದ ನೆರೆಮನೆಯ ಸೊಣ್ಣಮ್ಮಜ್ಜಿ, ಪಕ್ಕದಲ್ಲಿ ಕೃಷ್ಣಮ್ಮ. ಇಂದು ಒಂದಾದ ಮೇಲೊಂದು ಪದ್ಯ ಓದಿದಳು. ಆರನೆಯ ಸಾಲು ಪ್ರತಿ ಸಲವೂ ತುಂಬು ದನಿಯಲ್ಲಿ ಹರಿದು, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಮಹೇಂದ್ರ ಕೈಕಟ್ಟಿ ಕುಳಿತು ಕೇಳಿದ. ತನ್ನ ಸರದಿಗೆ ಅವಸರವೇ ಇಲ್ಲದವನಂತೆ.

ಕಟ್ಟಕಡೆಯ ಪದ್ಯ. ದಾರಿ ತಪ್ಪಿದ್ದವನು ಮನೆಯ ಬಾಗಿಲು ತಟ್ಟುವ ಪದ್ಯ. ಐದನೆಯ ಸಾಲು ಮುಗಿಸಿ ಅವಳು ಸುಮ್ಮನಾದಳು.

ಅವನು ಗಾಬರಿಯಿಂದ ತಿರುಗಿದ. ಮೊದಲು ಅವಳ ಕುತ್ತಿಗೆ ನೋಡಿದ, ನರ ಶಾಂತವಾಗಿತ್ತು. ತುಟಿ ನೋಡಿದ, ಅಲ್ಲಿ ಕೆಂಪಿತ್ತು, ಅದರ ಮೂಲೆಯಲ್ಲಿ ನಗುವಿತ್ತು. ಉಸಿರು ಸಾಲದೆ ನಿಲ್ಲಿಸಿದ್ದಲ್ಲ. ಅವಳು ಪುಸ್ತಕವನ್ನು ಮೆಲ್ಲಗೆ ಅವನ ಕಡೆ ಸರಿಸಿದಳು. ಒಂದು ಗೇಣು.

ಅರ್ಥ ಹೇಳುವವನು ಪದ್ಯ ಹಾಡುವ ವಾಡಿಕೆ ಆ ಗುಡಿಯಲ್ಲಿ ಇರಲಿಲ್ಲ. ಮಹೇಂದ್ರ ಗಂಟಲು ಸರಿಮಾಡಿಕೊಂಡು ಆರನೆಯ ಸಾಲನ್ನು ಎತ್ತಿಕೊಂಡ. ಶ್ರುತಿ ಒಂದು ಕಡೆ, ಅವನು ಒಂದು ಕಡೆ. ಆದರೂ ಒಂದು ಅಕ್ಷರ ಬಿಡದೆ, ಕೊನೆಯ ಸ್ಟಾಪಿನವರೆಗೂ ಹೋಗುವವನ ಹಾಗೆ, ಪೂರ್ತಿ ಹಾಡಿದ.

"ಅಯ್ಯೋ, ಓದೋದು ಆ ಉಡುಗೀನೇ ಓದ್ಲಪ್ಪ!" ಸೊಣ್ಣಮ್ಮಜ್ಜಿ ಕೂಗಿದರು. ಗುಡಿಯೆಲ್ಲ ನಕ್ಕಿತು. ಕೃಷ್ಣಮ್ಮನೂ ನಕ್ಕರು.

ಇಂದು ನಗಲಿಲ್ಲ. ಅವನ ಕಡೆ ತಿರುಗಿ, ಕೈಮುಗಿದು, ಅವನದೇ ಧಾಟಿಯಲ್ಲಿ ಮೈಕಿಗೆ ಹೇಳಿದಳು: "ನೋಡಿ, ಕವಿ ಇಲ್ಲಿ ಏನು ಹೇಳ್ತಾನೆ ಅಂದ್ರೆ... ಬಾಗಿಲು ತೆರೀತು."